ಕಾಲು ಪಕ್ಕದ ಮನೆಯವರ ಹಿತ್ತಲಲ್ಲಿ

ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾಗ ಬೇಸಿಗೆ ರಜೆಗೆ ಸಿಕ್ಕಿದ ಕೆಲಸ ಅದು. ಹೋಟೆಲಿನಲ್ಲಿ ಪಾತ್ರೆ ತೊಳೆಯುವುದಕ್ಕಿಂತ ಗಂಟೆಗೆ ಸ್ವಲ್ಪ ಜಾಸ್ತಿ ಕೊಡುತ್ತಿದ್ದರು, ಬದಲಿಗೆ ಇಡೀ ದಿನ ಬಿಸಿಲಲ್ಲಿ ಮಂಡಿಯೂರಿ ಮಣ್ಣು ಕೆರೆಯಬೇಕು. ನಗರದ ಪೂರ್ವಕ್ಕಿರುವ ಹಳ್ಳಿಯೊಂದರಲ್ಲಿ ಅಪಾರ್ಟ್‌ಮೆಂಟ್ ಏಳಬೇಕಿತ್ತು. ನೆಲದಡಿ ಕಾರು ನಿಲ್ಲಿಸಲು ಜಾಗ ಮಾಡಬೇಕೆಂದಿದ್ದ ಕಡೆಯೇ ಆರನೇ ಶತಮಾನದ ಸ್ಮಶಾನ ಸಿಕ್ಕಿತ್ತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಇದು ತೀರಾ ಅಪರೂಪವೇನಲ್ಲ. 1973ರ ಸ್ಮಾರಕ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ, ಉತ್ಖನನದ ಖರ್ಚೂ ಸಾಮಾನ್ಯವಾಗಿ ಕಟ್ಟಿಸುವವರ ತಲೆಗೇ. ಹಾಗಾಗಿ ಬಿಲ್ಡರ್ ದಿನಾ ಬೆಳಿಗ್ಗೆ ಬಂದು, ಸಾಲ ತೀರಿಸದ ನೆಂಟರನ್ನು ನೋಡುವ ಹಾಗೆ ನಮ್ಮನ್ನು ನೋಡಿ ಹೋಗುತ್ತಿದ್ದ.

ಮೊದಲು ಕೆಲಸ ಹಿಟಾಚಿಯದು. ಅದರ ಚಾಲಕ ಹಲ್ಲಿಲ್ಲದ ಅಗಲ ಬಕೆಟ್ಟಿನಲ್ಲಿ ಮೇಲ್ಮಣ್ಣನ್ನು ತೆಳ್ಳಗೆ ಪದರ ಪದರವಾಗಿ ಎಳೆಯುತ್ತಾನೆ. ಮ್ಯೂನಿಕ್ ಸುತ್ತಿನ ನೆಲದಲ್ಲಿ ಸ್ವಲ್ಪ ಇಳಿದರೆ ಸಾಕು, ಬೂದು ಬಣ್ಣದ ಜಲ್ಲಿ. ಆ ಜಲ್ಲಿಯ ಮೇಲೆ ಆಳುದ್ದದ ಕಂದು ಚೌಕಟ್ಟುಗಳು ಸಾಲಾಗಿ ಮೂಡುತ್ತವೆ. ಒಂದೊಂದೂ ಒಂದು ಸಮಾಧಿ. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಎದ್ದು ಕೂತರೆ ಸೂರ್ಯ ಹುಟ್ಟುವುದು ಎದುರಿಗೇ ಕಾಣಬೇಕು. ಬೇಕಂತಲೇ ಯಾರೂ ಇಲ್ಲಿ ಹುಡುಕಲು ಬಂದವರಲ್ಲ. ಎಲ್ಲಿ ತೋಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದೆಲ್ಲ ಕಾರ್ ಪಾರ್ಕಿಂಗಿನ ನಕ್ಷೆಯ ಲೆಕ್ಕ.

ಊರಿಗೆ ಫೋನ್ ಮಾಡಿದಾಗ ಅಮ್ಮ, "ಸತ್ತೋರ ಗುಂಡಿ ಅಗೆಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ರೂಮಿಗೆ ಬಂದ ತಕ್ಷಣ ತಲೆ ಮೇಲೆ ನೀರು ಹಾಕ್ಕೊ" ಅಂದಳು. ಹಾಕಿಕೊಳ್ಳುತ್ತಿದ್ದೆ. ಶಾಸ್ತ್ರಕ್ಕಲ್ಲ, ಕಿವಿಯೊಳಗೂ ಧೂಳು ತುಂಬಿರುತ್ತಿತ್ತು.

ನನಗೆ ವಹಿಸಿದ ಮೊದಲ ಸಮಾಧಿ ನೋಡಿ ನಿರಾಸೆಯೇ ಆಯಿತು. ತೊಡೆ, ಮೊಣಕಾಲು, ಪಾದದ ಮೂಳೆಗಳು ಮಲಗಿಸಿದ ಹಾಗೇ ಇವೆ. ಸೊಂಟದಿಂದ ಮೇಲೆ ಎಲ್ಲ ಚೆಲ್ಲಾಪಿಲ್ಲಿ, ಪಕ್ಕೆಲುಬು ಒಂದು ಮೂಲೆಗೆ, ದವಡೆ ಇನ್ನೊಂದು ಮೂಲೆಗೆ. ನೇಗಿಲು ತಾಗಿರಬೇಕು ಅಂದುಕೊಂಡೆ. ಮೂವತ್ತು ವರ್ಷ ಇದೇ ಕಸುಬು ಮಾಡಿದ್ದ ನಮ್ಮ ಮೇಲ್ವಿಚಾರಕಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೊರಳ ಹತ್ತಿರದ ಎಲುಬೊಂದನ್ನು ತೋರಿಸಿದರು. ಅದರ ಮೇಲೆ ಹೆಬ್ಬೆಟ್ಟಿನಗಲ ಹಸಿರು ಕಲೆ. ತಾಮ್ರದ ಕಿಲುಬು. ಅಲ್ಲೊಂದು ಕಂಚಿನ ಪಿನ್ನು ಕಿಲುಬು ಎಲುಬಿಗೆ ಇಳಿಯುವಷ್ಟು ಕಾಲ ಕೂತಿತ್ತು, ಆಮೇಲೆ ಯಾರೋ ಕಿತ್ತುಕೊಂಡು ಹೋದರು. ಆ ಕಾಲದಲ್ಲಿ ಹೂತ ಕೆಲವೇ ದಶಕಗಳಲ್ಲಿ ಸಮಾಧಿ ಮತ್ತೆ ತೆರೆಯುವುದು ಯುರೋಪಿನ ಎಷ್ಟೋ ಕಡೆ ನಡೆದಿದೆ. ತೆರೆದವರಿಗೆ ಒಡವೆ ಕೊರಳಲ್ಲಿ, ಸೊಂಟದಲ್ಲಿ ಇರುತ್ತದೆಂದು ಗೊತ್ತಿತ್ತು. ಕಾಲಿನ ತಂಟೆಗೆ ಹೋಗಿಲ್ಲ. ಹೂತವರ ಮೊಮ್ಮಕ್ಕಳೇ ಇದ್ದರೂ ಇರಬಹುದು.

ಯಾರೂ ಮುಟ್ಟದ ಸಮಾಧಿ ಸಿಕ್ಕಿದ್ದು ಎರಡು ಸಾಲು ಆಚೆ. ಹೆಂಗಸಿನದು. ಕೊರಳ ಸುತ್ತ ಗಾಜಿನ ಮಣಿ, ಅಂಬರಿನ ಮಣಿ, ದಾರ ಕರಗಿ ಹೋಗಿದ್ದರೂ ಪೋಣಿಸಿದ ಸಾಲು ಹೆಚ್ಚು ಕಡಿಮೆ ಹಾಗೇ. ಮಣಿಯೊಂದಕ್ಕೆ ಒಂದು ನಂಬರು, ಫೋಟೋ, ಅಳತೆ, ಆಮೇಲಷ್ಟೇ ಎತ್ತುವುದು. ಬಿದಿರ ಕಡ್ಡಿಯಲ್ಲಿ ಮಣ್ಣು ಬಿಡಿಸಿ ನೀರು ಚಿಮುಕಿಸಿದಾಗ ಬಟ್ಟೆಗೆ ಸಿಕ್ಕಿಸುವ ಗುಂಡನೆಯ ಪುಟ್ಟ ಬ್ರೂಚ್ ಕೆಂಪಗೆ ಹೊಳೆಯಿತು. ಉಗುರಿನಷ್ಟು ತೆಳುವಾಗಿ ಕತ್ತರಿಸಿದ ಗಾರ್ನೆಟ್ ಕಲ್ಲುಗಳು, ಪ್ರತಿ ಕಲ್ಲಿನ ಕೆಳಗೆ ಬೆಳಕು ತಿರುಗಿ ಬರಲೆಂದು ಚೌಕಳಿ ಅಚ್ಚೊತ್ತಿದ ಚಿನ್ನದ ಹಾಳೆ. ಮೇಲ್ವಿಚಾರಕಿ ನಕ್ಕು, "ನಿಮ್ಮ ಕಡೆಯದೇ ಇರಬೇಕು" ಅಂದರು. ತಮಾಷೆ ಅಂದುಕೊಂಡೆ. ಅಲ್ಲವಂತೆ. ಕಲ್ಲಿನ ರಾಸಾಯನಿಕ ಗುಣ ಪರೀಕ್ಷಿಸಿದವರ ಪ್ರಕಾರ ಆರನೇ ಶತಮಾನದ ಇಂಥ ಒಡವೆಗಳ ಗಾರ್ನೆಟ್‌ನಲ್ಲಿ ಬಹುಪಾಲು ಭಾರತ, ಶ್ರೀಲಂಕಾಗಳಿಂದ ಬಂದದ್ದು. ಏಳನೇ ಶತಮಾನದ ಹೊತ್ತಿಗೆ ಆ ದಾರಿ ಕಟ್ಟಾಗಿ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಚಿಕ್ಕ ಕಲ್ಲುಗಳು ಬಳಕೆಗೆ ಬಂದವು. ನಮ್ಮ ಬ್ರೂಚಿನ ಆರನೇ ಶತಮಾನವೆಂದರೆ ಮೊದಲನೇ ಪುಲಕೇಶಿ ಬಾದಾಮಿಯ ಬಂಡೆ ಮೇಲೆ 543ರ ಶಾಸನ ಕೆತ್ತಿಸಿದ ಕಾಲ. ವೀಸಾಕ್ಕೆಂದು ನಾನು ಹತ್ತಿದ ಮೆಟ್ಟಿಲುಗಳನ್ನು ನೆನೆದು ಆ ಕಲ್ಲಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹಲ್ಲನ್ನು ಮಾತ್ರ ಬರಿಗೈಲಿ ಮುಟ್ಟುವಂತಿರಲಿಲ್ಲ. ನಮ್ಮ ಡಿಎನ್‌ಎ ಅದಕ್ಕೆ ಸೇರಬಾರದು. ಅಲ್ಲಿಗೆ ಹತ್ತಿರದ ಆಶ್‌ಹೈಮ್‌ನಲ್ಲಿ ಸಿಕ್ಕ ಇಂಥದೇ ಸ್ಮಶಾನದಲ್ಲಿ ಒಂದೇ ಗುಂಡಿಗೆ ಇಬ್ಬರು ಮೂವರನ್ನು ಹೂತದ್ದು ಕಂಡು ಪರಿಣತರಿಗೆ ಅನುಮಾನವಿತ್ತು. 2013ರಲ್ಲಿ ಅಲ್ಲಿನ ಹಲ್ಲುಗಳಲ್ಲಿ ಪ್ಲೇಗಿನ ರೋಗಾಣುವಿನ ಡಿಎನ್‌ಎ ಇರುವುದು ಖಚಿತವಾಯಿತು. 541ರಲ್ಲಿ ಈಜಿಪ್ಟಿನಲ್ಲಿ ಕಾಣಿಸಿಕೊಂಡು ಮರುವರ್ಷ ಕಾನ್‌ಸ್ಟಾಂಟಿನೋಪಲ್‌ಗೆ (ಈಗಿನ ಇಸ್ತಾಂಬುಲ್) ಮುಟ್ಟಿದ ಜಸ್ಟಿನಿಯನ್ ಪ್ಲೇಗು ಆಲ್ಪ್ಸ್ ದಾಟಿ ಇತ್ತ ಬಂದಿತ್ತೆಂದು ಆ ಕಾಲದವರು ಯಾರೂ ಬರೆದಿಟ್ಟಿಲ್ಲ. ಆ ಸ್ಮಶಾನವಿದ್ದಲ್ಲಿ ಈಗ ಬಯುವಾರೆನ್‌ರಿಂಗ್ ಅನ್ನೋ ರಸ್ತೆ ಇದೆ. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಕೊನೆಯ ವಾರದ ಸಮಾಧಿಯೊಂದು ಬೇಲಿಗೆ ಹೊಂದಿಕೊಂಡಿತ್ತು. ತಲೆ, ಎದೆ, ಸೊಂಟ ಬಿಡಿಸಿದೆವು. ತೊಡೆ ಅರ್ಧಕ್ಕೆ ಬರುವಾಗ ನಮ್ಮ ಗುಂಡಿಯ ಗಡಿ ಮುಗಿಯಿತು. ಎರಡೂ ಮೂಳೆ ಮಣ್ಣಿನ ಗೋಡೆಯೊಳಗೆ ಹೋಗಿವೆ. ಇನ್ನೊಂದು ಗೇಣು ಅಗೆದರೆ ಮೊಣಕಾಲು ಸಿಗುತ್ತದೆ ಅಂದೆ. ಬೇಡ, ಆ ಕಡೆ ಯಾರೂ ಏನೂ ಕಟ್ಟುತ್ತಿಲ್ಲ, ಕೆಡದೆ ಇರುವುದನ್ನು ನಾವ್ಯಾಕೆ ಕೆಡಿಸಬೇಕು ಅಂದರು ಮೇಲ್ವಿಚಾರಕಿ. ಅವತ್ತು ಇದು ಬರೀ ಹಠ ಅನ್ನಿಸಿತು. ಈಗ ಯೋಚಿಸಿದರೆ ಅವರೇ ಸರಿ. ಮುಂದೆ ಇನ್ನೂ ಒಳ್ಳೆಯ ಉಪಕರಣ ಹಿಡಿದು ಬರುವವರಿಗೆ ಒಂದಷ್ಟು ಉಳಿದಿರಲಿ. ನಾವು ಬಿಡಿಸಿದ ಮೂಳೆಗಳೆಲ್ಲ ಮ್ಯೂನಿಕ್‌ನ ಸರ್ಕಾರಿ ಮಾನವಶಾಸ್ತ್ರ ಸಂಗ್ರಹಾಲಯಕ್ಕೆ ಪೆಟ್ಟಿಗೆಗಳಲ್ಲಿ ಹೋದವು, ಇದೊಂದು ಪೆಟ್ಟಿಗೆ ಮಾತ್ರ ಉಳಿದವಕ್ಕಿಂತ ಹಗುರ.

ಪಕ್ಕದ ಮನೆಯ ಅಜ್ಜ ಬೇಲಿ ಮೇಲೆ ಮೊಣಕೈ ಊರಿ ಎಲ್ಲ ನೋಡುತ್ತಿದ್ದ. "ಅಂದ್ರೆ ಮಿಕ್ಕಿದ್ದು ನನ್ನ ಸೇಬಿನ ಮರದ ಕೆಳಗಾ?" ಅಂತ ಕೇಳಿದ. ಹೌದು ಅಂದರು ಮೇಲ್ವಿಚಾರಕಿ. ನೀವು ಈಜುಕೊಳ ಗೀಜುಕೊಳ ತೋಡಿಸಿದರೆ ಅನುಮತಿ ಬೇಕು, ಅಗೆಯುವ ಖರ್ಚೂ ನಿಮ್ಮದೇ ಆಗಬಹುದು. ಅಜ್ಜ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಈಜುಕೊಳ ಬೇಕು ಅಂತ ಕುಣಿಯುತ್ತಿದ್ದ ಅಳಿಯನಿಗೆ ಹೇಳಲು ಒಳ್ಳೇ ಕಾರಣ ಸಿಕ್ಕಿತು ಎಂದು ಒಳಗೆ ಹೋದ.