ಪಾದಯಾತ್ರೆ ಸೋಲುವುದು ಎರಡನೇ ದಿನ ಮಧ್ಯಾಹ್ನ

ರಾಯಚೂರಿನಿಂದ ಶ್ರೀಶೈಲಕ್ಕೆ ಯುಗಾದಿ ಪಾದಯಾತ್ರೆಯ ತಂಡ ಕರೆದೊಯ್ಯುವ ಕೆಲಸಕ್ಕೆ ಹೊಸದಾಗಿ ಇಳಿದವರು ಮೊದಲು ಕೇಳುವುದು ದಾರಿಯ ವಿಚಾರ. ಯಾವ ಊರಲ್ಲಿ ರಾತ್ರಿ ವಸ್ತಿ, ಎಲ್ಲಿ ದಾಸೋಹ, ಕಾಡು ಎಷ್ಟು ದಿನ. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಬಹುದು. ನಿಜವಾಗಿ ಕೇಳಬೇಕಾದ್ದು, ನಲವತ್ತು ಮಂದಿಯ ಎಂಬತ್ತು ಪಾದ ಎರಡನೇ ದಿನ ಮಧ್ಯಾಹ್ನ ಹೇಗಿರುತ್ತವೆ ಎಂದು. ಮೊದಲ ದಿನ ಯಾರೂ ಸೋಲುವುದಿಲ್ಲ. ಭಜನೆ, ಜೈಕಾರ, ಊರವರು ಹಾಕಿದ ಹಾರದ ಹುರುಪಿಗೇ 25 ಕಿ.ಮೀ. ಸಾಗಿಬಿಡುತ್ತದೆ. ರಾತ್ರಿ ಪಾದ ಊದುತ್ತದೆ, ಬೆಳಿಗ್ಗೆ ಅದೇ ಊದಿದ ಪಾದವನ್ನು ಅದೇ ಬೂಟಿಗೆ ತುರುಕುತ್ತಾರೆ. ಹತ್ತು ಗಂಟೆಯೊಳಗೆ ಬೊಬ್ಬೆ, ಹನ್ನೆರಡಕ್ಕೆ ಕುಂಟು, ಸಂಜೆಗೆ ವಾಹನ. ದಾರಿ ಒಟ್ಟು ಇನ್ನೂರು ಕಿ.ಮೀ. ದಾಟುತ್ತದೆ, ಎಂಟು ಒಂಬತ್ತು ದಿನದ ನಡಿಗೆ. ಎರಡನೇ ದಿನ ದಾಟಿದವರು ಸಾಮಾನ್ಯವಾಗಿ ಶ್ರೀಶೈಲದ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ಗುಡಿ ಮುಟ್ಟುತ್ತಾರೆ.

ಹಾಗಾಗಿ ತಾಲೀಮು ಆ ದಿನಕ್ಕೇ ಆಗಬೇಕು. ಮಾಘದ ಭಾರತ ಹುಣ್ಣಿಮೆಗೆ ಶುರು ಮಾಡಿದರೆ, ಹೋಳಿ ಕಳೆದು ಹೊರಡುವ ಹೊತ್ತಿಗೆ ಐದು ವಾರ ಕೈಯಲ್ಲಿರುತ್ತವೆ. ಮೊದಲ ವಾರ ನಾಲ್ಕು ದಿನ ಐದೈದು ಕಿ.ಮೀ. ಆಮೇಲೆ ವಾರಕ್ಕೆ ನಾಲ್ಕೈದು ಕಿ.ಮೀ. ಏರಿಸಿ. ನಾಲ್ಕನೇ ವಾರ ಶನಿವಾರ 18, ಮರುದಿನ ಭಾನುವಾರ ಮತ್ತೆ 18. ಪರೀಕ್ಷೆ ಇರುವುದು ಭಾನುವಾರ. ಶನಿವಾರ 30 ನಡೆದು ಭಾನುವಾರ ಮಲಗಿದವರ ತಾಲೀಮು ಲೆಕ್ಕಕ್ಕಿಲ್ಲ. ಹೊರಡುವ ಮುಂಚಿನ ಐದು ದಿನ ನಾಲ್ಕು ಕಿ.ಮೀ.ಗಿಂತ ಹೆಚ್ಚು ನಡೆಸಬೇಡಿ. ಕೊನೆಯ ಗಳಿಗೆಯಲ್ಲಿ ಜೋರು ಮಾಡಿ ಮೀನಖಂಡ ಹಿಡಿಸಿಕೊಂಡು ಬರುವವರು ಪ್ರತಿ ತಂಡದಲ್ಲೂ ಇಬ್ಬರು ಇರುತ್ತಾರೆ.

"ದಿನಾ ಹೊಲದಾಗ ಅಡ್ಡಾಡೋ ಮಂದಿ ನಾವು, ನಮಗೇನ್ ತಾಲೀಮ್ರಿ" ಎನ್ನುವ ರೈತರ ಕಾಲು ಗಟ್ಟಿ, ನಿಜ. ಆದರೆ ಎರೆ ಮಣ್ಣು ಪಾದಕ್ಕೆ ಬಗ್ಗುತ್ತದೆ, ಡಾಂಬರು ಬಗ್ಗುವುದಿಲ್ಲ. ಅಷ್ಟೇ ಅಲ್ಲ, ಮಳೆನೀರು ಹರಿಯಲೆಂದು ರಸ್ತೆಯ ಅಂಚು ಹೊರಗಡೆಗೆ ಇಳಿಜಾರಾಗಿರುತ್ತದೆ. ದಿನವಿಡೀ ಒಂದೇ ಬದಿಯಲ್ಲಿ ನಡೆದಾಗ ಒಂದು ಕಾಲು ತಗ್ಗಿನಲ್ಲಿ ಬೀಳುತ್ತದೆ, ಹಿಮ್ಮಡಿಯ ಗಂಟು, ಮಂಡಿಯ ಹೊರಬದಿ ನೋಯುತ್ತವೆ. ತಾಲೀಮು ಡಾಂಬರಿನ ಮೇಲೇ ಆಗಲಿ. ಯಾತ್ರೆಯಲ್ಲಿ ಪಕ್ಕದ ಮಣ್ಣುದಾರಿ ಸಮತಟ್ಟಾಗಿ ಸಿಕ್ಕಲ್ಲೆಲ್ಲ ತಂಡವನ್ನು ಕೆಳಗಿಳಿಸಿ.

ಬೂಟು ಕೊಳ್ಳುವುದಾದರೆ ಸಂಜೆ ಹೊತ್ತು, ಪಾದ ಹಿಗ್ಗಿರುವಾಗ ಕೊಳ್ಳಬೇಕು. ಯಾವಾಗಲೂ ಹಾಕುವ ಅಳತೆಗಿಂತ ಅರ್ಧ ಅಥವಾ ಒಂದು ನಂಬರ್ ದೊಡ್ಡದು, ಬೆರಳ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ. ಹೊರಡುವ ಮೊದಲು ಅದೇ ಬೂಟಿನಲ್ಲಿ 80ರಿಂದ 100 ಕಿ.ಮೀ. ಆಗಿರಬೇಕು. ಯಾತ್ರೆಗೆಂದೇ ಹೊಸ ಬೂಟು ತಂದು ಪೂಜೆ ಮಾಡಿ ಹಾಕಿಕೊಳ್ಳುವವರಿಗೆ ಏನು ಹೇಳಿದರೂ ಅಷ್ಟೇ! ಸಾಕ್ಸ್ ನಾಲ್ಕು ಜೊತೆ, ಒಂದು ಬೆವೆತರೆ ಚೀಲದ ಹೊರಗೆ ಪಿನ್ ಹಾಕಿ ಒಣಗಿಸಿ ಇನ್ನೊಂದು ಹಾಕುವುದು. ಕಾಲುಗುರನ್ನು ಹೊರಡುವ ನಾಲ್ಕು ದಿನ ಮುಂಚೆ ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಬುಡಮಟ್ಟ ಕತ್ತರಿಸಿದರೆ ಮೂಲೆ ಚುಚ್ಚಿ ಕೀವಾಗುತ್ತದೆ.

ಬರಿಗಾಲ ಹರಕೆ ಹೊತ್ತವರನ್ನು ತಡೆಯಲು ಹೋಗಬೇಡಿ, ಅವರ ತಾಲೀಮೂ ಬರಿಗಾಲಲ್ಲೇ ಆಗಿದೆಯೇ ಎಂದು ಮಾತ್ರ ನೋಡಿ. ಬಿಸಿಲೇರಿದ ಮೇಲೆ ರಸ್ತೆಯಂಚಿನ ಬಿಳಿ ಪಟ್ಟಿಯ ಮೇಲೆ ಹೆಜ್ಜೆ ಇಡಿಸಿ, ಕಪ್ಪು ಡಾಂಬರಿಗಿಂತ ಅದು ಕಡಿಮೆ ಕಾಯುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಬರಿಗಾಲು ಬೇಡವೇ ಬೇಡ. ಪಾದದ ಸ್ಪರ್ಶ ಸತ್ತಿದ್ದರೆ ಸುಟ್ಟದ್ದೂ ತಿಳಿಯದು, ಮುಳ್ಳು ನೆಟ್ಟದ್ದೂ ತಿಳಿಯದು.

ಇನ್ನು ಬೊಬ್ಬೆ. ಒದ್ದೆ, ಬಿಸಿ, ಉಜ್ಜಾಟ ಮೂರೂ ಸೇರಿದಲ್ಲಿ ಅದು ಏಳುತ್ತದೆ. ಏಳುವ ಅರ್ಧ ಗಂಟೆ ಮೊದಲೇ ಆ ಜಾಗ ಚುರುಗುಟ್ಟುತ್ತದೆ. ಅದೇ ಗಳಿಗೆಯಲ್ಲಿ ನಿಂತು, ಬೂಟು ಬಿಚ್ಚಿ, ಒರೆಸಿ, ಬಟ್ಟೆಯ ಮೆಡಿಕಲ್ ಟೇಪನ್ನು ಸುಕ್ಕಿಲ್ಲದೆ ಅಂಟಿಸಿದರೆ ಮುಗಿಯಿತು. ಯಾರೂ ನಿಲ್ಲುವುದಿಲ್ಲ. "ಏನಿಲ್ಲ ಬಿಡ್ರಿ, ವಸ್ತಿಗೆ ಹೋಗಿ ನೋಡಿದ್ರಾತು" ಎನ್ನುತ್ತಾರೆ. ಅದಕ್ಕೇ ಪ್ರತಿ ವಿಶ್ರಾಂತಿಯಲ್ಲೂ ತಂಡದ ಮುಖ್ಯಸ್ಥ ಎದುರು ಕೂತು "ಅಣ್ಣಾರ, ಕಾಲ್ ತೋರಸ್ರಿ" ಎಂದು ತಾನೇ ನೋಡಬೇಕು. ನೋವು ಕೊಡದ ಸಣ್ಣ ಬೊಬ್ಬೆಯನ್ನು ಒಡೆಯದೆ ಮುಚ್ಚಿಡಿ. ನಡೆಯಲಾಗದಷ್ಟು ಬಿಗಿದಿದ್ದರೆ ಸುತ್ತ ಸೋಪಿನಿಂದ ತೊಳೆದು, ಹೊಸ ಸ್ಟೆರೈಲ್ ಸೂಜಿಯಿಂದ ಬೊಬ್ಬೆಯ ಬುಡದಂಚಿನಲ್ಲಿ ಎರಡು ಕಡೆ ಚುಚ್ಚಿ, ಹತ್ತಿಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ. ಅದರಷ್ಟು ಒಳ್ಳೆಯ ಬ್ಯಾಂಡೇಜು ಅಂಗಡಿಯಲ್ಲಿ ಸಿಗುವುದಿಲ್ಲ. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಡುವ ಹಳೆ ಪದ್ಧತಿ ಬಿಟ್ಟುಬಿಡಿ, ದಾರದ ಗುಂಟ ಹೊಲಸು ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಬೊಬ್ಬೆಯನ್ನು ಡಾಕ್ಟರೇ ಮುಟ್ಟಲಿ. ತೊಡೆಸಂದಿಗೆ ಬೆಳಗಿನ ಜಾವವೇ ಕೊಬ್ಬರಿ ಎಣ್ಣೆ ಹಚ್ಚಿಸಿ, ಸುಲಿದ ಮೇಲೆ ಹಚ್ಚಿದರೆ ಉರಿ ಬಿಟ್ಟು ಬೇರೇನಿಲ್ಲ.

ನಡೆಯುವ ಹೊತ್ತು: ಬೆಳಗಿನ 4ಕ್ಕೆ ಹೊರಟು 9.30ಕ್ಕೆ ನೆರಳು ಹಿಡಿಯಬೇಕು, ಮತ್ತೆ 4.30ರ ಮೇಲೆ. ಗಂಟೆಗೆ ನಾಲ್ಕು ಕಿ.ಮೀ., ಪ್ರತಿ ಐವತ್ತು ನಿಮಿಷಕ್ಕೆ ಹತ್ತು ನಿಮಿಷ ಕೂರುವುದು. ವೇಗ ಕಟ್ಟುವುದು ಮುಂದಿನವರ ಹುರುಪಿಗಲ್ಲ, ಹಿಂದಿನವರ ಉಸಿರಿಗೆ.

ನೀರಿನ ಲೆಕ್ಕ ಪೆನ್ನು ಹಿಡಿದು ಮಾಡಿ. ಈ ಬಿಸಿಲಿಗೆ ತಲೆಗೆ ದಿನಕ್ಕೆ 6 ಲೀಟರ್ ಕುಡಿಯಲು, ನಲವತ್ತು ಮಂದಿಗೆ 240 ಲೀಟರ್, ಅಂದರೆ 20 ಲೀಟರಿನ 12 ಕ್ಯಾನು. ಅಡುಗೆಗೆ, ಕೈಕಾಲಿಗೆ 500 ಲೀಟರಿನ ಸಿಂಟೆಕ್ಸ್ ಟ್ಯಾಂಕು ಪಿಕಪ್ ಗಾಡಿಯಲ್ಲಿ ಬೇರೆ ಇರಲಿ. ಆದರೆ ಬರೀ ನೀರು ಕುಡಿಸುತ್ತ ಹೋಗುವುದೂ ತಪ್ಪು. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಬರೀ ನೀರು ಸುರಿದರೆ ಉಳಿದ ಉಪ್ಪೂ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಬರುತ್ತವೆ. ದಿನಕ್ಕೆ ಎರಡು ಸಲವಾದರೂ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕೊಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೇ ಹಾಕಬೇಕು, ಒಂದು ಲೋಟಕ್ಕೆ ಸುರಿದು ಕುಡಿದರೆ ಭೇದಿಯಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು.

ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಹೋಗಲು ಮರೆ ಇಲ್ಲವೆಂದು. ಎರಡನೇ ದಿನ ಅವರಿಗೆ ಬರುವ ಕಾಲುಸೆಳೆತ, ಉರಿಮೂತ್ರಕ್ಕೆ ಕಾರಣ ಅದೇ. ಔಷಧಿ ಡಬ್ಬಿಯಲ್ಲಿ ಇದಕ್ಕೆ ಉತ್ತರವಿಲ್ಲ. ನಾಲ್ಕು ಕೋಲು, ಒಂದು ತಾಡಪತ್ರಿ, ಒಂದು ಸನಿಕೆ ಗಾಡಿಯಲ್ಲಿ ಹಾಕಿ, ಪ್ರತಿ ವಿಶ್ರಾಂತಿಗೂ ಗಾಡಿ ಮುಂಚೆ ಹೋಗಿ ಮರೆ ಕಟ್ಟಿರಲಿ. ಆ ಹೊಣೆ ತಂಡದ ಒಬ್ಬ ಹಿರಿಯ ಅಕ್ಕನಿಗೆ ಕೊಡಿ. ಗಂಡಸರು ವಿಚಾರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಎಂಟು ದಿನ ಕೆಡದೆ ನಡೆಯುತ್ತದೆ. ದಾರಿಯುದ್ದಕ್ಕೂ ಊರವರು ಪ್ರೀತಿಯಿಂದ ನೀಡುವ ದಾಸೋಹವೇ ಕಷ್ಟ. ಬೇಡ ಎನ್ನಲಾಗದೆ ಮೂರು ಕಡೆ ಉಂಡವರು ನಾಲ್ಕನೆಯ ಕಡೆ ಮಲಗುತ್ತಾರೆ.

ಹೆಸರು ಬರೆಸಿಕೊಳ್ಳುವಾಗಲೇ ಮಾತ್ರೆಗಳ ಪಟ್ಟಿ ಕೇಳಿ. ಬಿಪಿ, ಸಕ್ಕರೆ, ಹೃದಯದವರು ಹೊರಡುವ ಮೊದಲು ತಮ್ಮ ಡಾಕ್ಟರನ್ನು ಕಂಡು ಬರಲಿ. ದಿನಕ್ಕೆ ಏಳು ಗಂಟೆ ನಡೆದಾಗ ಎಂದಿನ ಮಾತ್ರೆಗೇ ಸಕ್ಕರೆ ಕುಸಿಯಬಹುದು, ಕಿಸೆಯಲ್ಲಿ ಬೆಲ್ಲ ಇರಲೇಬೇಕು. ಮಂಡಿನೋವಿಗೆ ಖಾಲಿ ಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗಿ ನಡೆಯುವ ಚಾಳಿಯನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ, ನೀರು ಕಡಿಮೆಯಾದ ಮೈಯಲ್ಲಿ ಅದು ಕಿಡ್ನಿಗೆ ಹೊಡೆತ ಕೊಡುತ್ತದೆ. ಬಿಸಿಲಲ್ಲಿ ಮೈ ಕೆಂಡವಾಗಿ ಮಾತು ತೊದಲಿದರೆ ಅದು ಸುಸ್ತಲ್ಲ. ನೆರಳಿಗೆ ಎಳೆದು, ಮೈತುಂಬ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕತ್ತಲಲ್ಲಿ ರಸ್ತೆಯ ಬಲಬದಿ, ಎದುರು ಬರುವ ಲಾರಿ ಕಾಣುವಂತೆ, ಇಬ್ಬಿಬ್ಬರೇ ಸಾಲಾಗಿ. ಮುಂದಿನವನಿಗೆ ಟಾರ್ಚು, ಕೊನೆಯವನಿಗೆ ಮಿನುಗುವ ಕೆಂಪು ದೀಪ, ಎಲ್ಲರಿಗೂ ಹೊಳೆಯುವ ಪಟ್ಟಿಯ ಜಾಕೆಟ್ಟು. ಹೆಗಲ ಮೇಲೆ ದೇವರ ಕಂಬಿ ಹೊತ್ತವರ ಸುತ್ತ ಕುಣಿಯುತ್ತ ಮಂದಿ ರಸ್ತೆ ನಡುವಿಗೆ ಬರುತ್ತಾರೆ, ಆಗ ಇಬ್ಬರು ಸೀಟಿ ಹಿಡಿದು ಅಲ್ಲೇ ಇರಬೇಕು.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಶುರು. ದಾರಿಯಲ್ಲಿ ಒಂದಾದ ಮೇಲೊಂದು ಸಿಗುವುದು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು. ಇದು ಹುಲಿ ಸಂರಕ್ಷಿತ ಅರಣ್ಯ, ದಾರಿ ತೆರೆಯುವ ದಿನಗಳನ್ನು ಆಂಧ್ರದ ಅರಣ್ಯ ಇಲಾಖೆಯಿಂದ ಮೊದಲೇ ಖಚಿತ ಮಾಡಿಕೊಂಡು ಹೊರಡುವ ದಿನ ಇಟ್ಟುಕೊಳ್ಳಿ. ಕಡ್ಡಿಪೆಟ್ಟಿಗೆ, ಬೀಡಿ ಇಲ್ಲೇ ಬಿಡಿಸಿ. ಒಣ ಎಲೆಗೆ ಒಂದು ಕಿಡಿ ಸಾಕು. ಕಲ್ಲು, ಮೆಟ್ಟಿಲಿನ ದಾರಿಗೆ ನಿಮ್ಮ ಗಾಡಿ ಬರುವುದಿಲ್ಲ, ಅದು ದೋರ್ನಾಲದ ಮೇಲೆ ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗಬೇಕು. ಆ ಘಾಟ್ ರಸ್ತೆಗೆ ರಾತ್ರಿ ಗೇಟ್ ಬೀಳುತ್ತದೆ, ಹಗಲಲ್ಲೇ ಕಳಿಸಿ. ಹೀಗಾಗಿ ಕಾಡಿನಲ್ಲಿ ಪ್ರತಿಯೊಬ್ಬರ ಬೆನ್ನ ಮೇಲೆ ಮೂರು ಲೀಟರ್ ನೀರು ಸೇರಿ ಆರು ಕೆ.ಜಿ.ಗಿಂತ ಹೆಚ್ಚು ಭಾರ ಇರಕೂಡದು. ಕನ್ನಡಿಗರು ಮನೆಮಗಳೆಂದು ಕಾಣುವ ಭ್ರಮರಾಂಬೆಗೆ ತವರಿನ ಸೀರೆ, ಅರಿಷಿಣ, ಕುಂಕುಮ, ಉಡಿ ಸಾಮಾನು ಒಯ್ಯುವವರು ಅದನ್ನೂ ಈ ತೂಕದಲ್ಲೇ ಹಿಡಿಸಬೇಕು.

ಭೀಮನಕೊಳ್ಳದ ಇಳಿಜಾರಿನಲ್ಲಿ ಬೆರಳು ಬೂಟಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಇಳಿಯುವ ಮುಂಚೆ ಎಲ್ಲರನ್ನೂ ಕೂರಿಸಿ, ಹಿಮ್ಮಡಿಯನ್ನು ಬೂಟಿನ ಹಿಂಬದಿಗೆ ಒತ್ತಿ, ಮೇಲಿನ ಎರಡು ತೂತಿನ ಲೇಸು ಬಿಗಿ ಮಾಡಿಸಿ. ಮಂಡಿನೋವಿನವರು ಕೋಲೂರಿ ಓರೆಯಾಗಿ ಇಳಿಯಲಿ. ಹತ್ತಿ ಕೈಲಾಸ ಬಾಗಿಲು ಮುಟ್ಟಿದ ಮೇಲೆ ಒಬ್ಬರನ್ನೂ ಮುಂದೆ ಬಿಡದೆ ಕೊನೆಯವನು ಬರುವ ತನಕ ಕಾಯಿಸಿ, ತಲೆ ಎಣಿಸಿ. ಅಲ್ಲಿಂದ ಮುಂದೆ ಜನಸಾಗರ, ಫೋನು ಹತ್ತುವುದಿಲ್ಲ. ಗಾಡಿ ನಿಲ್ಲುವ ಜಾಗ, ಸೇರುವ ಗಂಟೆ ಎರಡನ್ನೂ ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಕಿಸೆಗೆ ಹಾಕಿ ಬಿಡಿ.