ಗೇಟ್‌ನ ಬಿಕ್ಕಳಿಕೆ ಕೊನೆಗೂ ನಿಂತಿತು

ಹೊಸಬರ ವರ್ಕ್‌ಶಾಪ್‌ನಲ್ಲಿ ಎಲ್‌ಇಡಿ, ಬಟನ್, ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವ ಸಂದೇಶ ತೋರಿಸುವ ಕಿಟಕಿ) ಎಲ್ಲ ಸಲೀಸಾಗಿ ಮುಗಿದವು. ಅದರ ವಿವರ ಬೇಡ, ನಿಮಗೆಲ್ಲ ಗೊತ್ತಿರುವುದೇ. ಕಾಡಿದ್ದು ಕೊನೆಯ ಪ್ರಾಜೆಕ್ಟ್. ಕೈ ಹತ್ತಿರ ತಂದರೆ ಗೇಟ್ ಮೇಲೇಳಬೇಕು. ಕೋಡ್ ಓಡಿಸುವ ಪುಟ್ಟ ಬೋರ್ಡ್ ಆರ್ಡುಯಿನೋ ಊನೋ, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಹೇಳಿದ ಕೋನಕ್ಕೆ ತಿರುಗುವ ಒಂದು ಎಸ್‌ಜಿ90 ಸರ್ವೋ ಮೋಟರ್, ಅಷ್ಟೇ.

ಕೆಲವು ಮೇಜುಗಳಲ್ಲಿ ಗೇಟ್ ಚೆನ್ನಾಗಿ ಎದ್ದಿತು. ಉಳಿದ ಕಡೆ ಅರ್ಧಕ್ಕೆ ನಿಂತು ಜಗ್ಗತೊಡಗಿತು. ‘ಗೇಟ್‌ಗೆ ಬಿಕ್ಕಳಿಕೆ ಬಂದಿದೆ’ ಎಂದು ಒಬ್ಬ ಹುಡುಗಿ ಹೇಳಿದಳು, ಆ ಹೆಸರೇ ಉಳಿಯಿತು. ಬೋರ್ಡ್ ಶುರುವಾದಾಗ ಒಮ್ಮೆ ಮಾತ್ರ ಓಡುವ ಸೆಟಪ್ ಭಾಗದಲ್ಲಿ ‘ಶುರು’ ಎಂದು ಪ್ರಿಂಟ್ ಮಾಡುವ ಸಾಲು ಇತ್ತು. ಮಾನಿಟರ್ ತುಂಬ ಶುರು, ಶುರು, ಶುರು. ಅಂದರೆ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದೆ.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ ವಿಷಯಕ್ಕೆ. ಎಲ್ಲರೂ ಮೊದಲು ತಮ್ಮ ಕೋಡನ್ನೇ ಅನುಮಾನಿಸಿದರು. ಸರಿಯಾಗಿದ್ದ ಸಾಲುಗಳನ್ನು ಅಳಿಸಿ ಮತ್ತೆ ಬರೆದರು. ಮೊದಲ ದಿನ ಕೋಡ್ ಬರೆಯುವವರಿಗೆ ತಪ್ಪು ವೈರಿನಲ್ಲೂ ಇರಬಹುದು ಅನ್ನುವುದು ಹೊಳೆಯುವುದಾದರೂ ಹೇಗೆ?

ಮಲ್ಟಿಮೀಟರ್ ಇಟ್ಟರೆ ಸುಮಾರು 5 ವೋಲ್ಟ್ ತೋರಿಸುತ್ತಿತ್ತು. ಕೆಲವೇ ಮಿಲಿಸೆಕೆಂಡ್ ಇರುವ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ರೀಸೆಟ್‌ಗೆ ಕಾರಣ ಏನೆಂದು ಚಿಪ್‌ನೊಳಗೆ ಅದನ್ನು ಗುರುತಿಟ್ಟುಕೊಳ್ಳುವ ರಿಜಿಸ್ಟರ್‌ನಿಂದಲೇ ಓದೋಣ ಅಂದರೆ, ನಮ್ಮ ಕೋಡಿಗಿಂತ ಮೊದಲು ಓಡುವ ಊನೋದ ಬೂಟ್‌ಲೋಡರ್ ಅದನ್ನು ಮೊದಲೇ ಅಳಿಸಿಬಿಡುತ್ತದೆ. ಅಂಥ ಕ್ಷಣಿಕ ಕುಸಿತವನ್ನೂ ತೋರಿಸುವ ಆಸಿಲೋಸ್ಕೋಪ್ ಕೈಯಲ್ಲಿರಲಿಲ್ಲ.

ಉಳಿದದ್ದು ಅದಲುಬದಲು. ಓಡುತ್ತಿದ್ದ ಮೇಜಿನಿಂದ ಒಂದೊಂದೇ ವಸ್ತು ತಂದು ಹಾಕಿ ನೋಡುವುದು. ಬೋರ್ಡ್ ಬದಲಿಸಿದರೂ ಬಿಕ್ಕಳಿಕೆ, ಸರ್ವೋ ಬದಲಿಸಿದರೂ ಬಿಕ್ಕಳಿಕೆ. ಅದೇ ಹುಡುಗಿ ಯುಎಸ್‌ಬಿ ಕೇಬಲ್ಲನ್ನು ಹಬ್‌ನಿಂದ (ಒಂದು ಪೋರ್ಟನ್ನು ಹಲವಾಗಿ ಹಂಚುವ ಡಬ್ಬಿ) ಕಿತ್ತು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದಳು. ಗೇಟ್ ಎದ್ದಿತು!

ಲೆಕ್ಕ ಹಾಕಿದರೆ ಎಲ್ಲ ಸರಿಹೋಗುತ್ತದೆ. ಎಸ್‌ಜಿ90 ಸುಮ್ನೆ ಇದ್ದಾಗ ಎಳೆಯುವ ಕರೆಂಟ್ ತೀರಾ ಕಡಿಮೆ. ಆದರೆ ಚಲಿಸಲು ಶುರುಮಾಡುವಾಗ ಅಥವಾ ಸಿಕ್ಕಿಕೊಂಡಾಗ 650–700 ಮಿಲಿಆಂಪ್‌ವರೆಗೂ ಹೋಗಬಹುದು. ಯುಎಸ್‌ಬಿ 2.0 ಪೋರ್ಟ್‌ನ ಮಿತಿ 500. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ನಿಯಮದ ಪ್ರಕಾರ ಒಂದು ಪೋರ್ಟ್‌ಗೆ ಬರೀ 100! ಜೊತೆಗೆ ತೆಳು ಕೇಬಲ್. ವೋಲ್ಟೇಜ್ 2.7ಕ್ಕಿಂತ ಕೆಳಗಿಳಿದರೆ ಊನೋದ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ರಕ್ಷಣೆ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಸೆಟಪ್ ಮತ್ತೆ ಓಡುತ್ತದೆ, ಕೋಡ್ ಸರ್ವೋವನ್ನು ಪಿನ್‌ಗೆ ಜೋಡಿಸುವ ‘ಅಟ್ಯಾಚ್’ ಸಾಲು ಓಡಿದ ಕೂಡಲೇ ಸರ್ವೋ ನಡುಭಾಗಕ್ಕೆ ಜಿಗಿಯುತ್ತದೆ, ಮತ್ತೆ ಕರೆಂಟ್, ಮತ್ತೆ ರೀಸೆಟ್. (ಅಟ್ಯಾಚ್‌ಗೆ ಮೊದಲೇ ಕೋನ ಬರೆದಿಟ್ಟರೆ ಆ ಜಿಗಿತ ತಪ್ಪುತ್ತದೆ.)

ಹಬ್ ಇದ್ದಲ್ಲಿ, ಸ್ವಲ್ಪ ವಿದ್ಯುತ್ ಕೂಡಿಟ್ಟುಕೊಳ್ಳುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಅದೂ ಸಹಜವೇ. ಅರ್ಧ ಆಂಪ್ ಎಳೆದರೆ ಆ ಕೆಪಾಸಿಟರ್ ಒಂದೇ ಮಿಲಿಸೆಕೆಂಡಿನಲ್ಲಿ ಸುಮಾರು 1 ವೋಲ್ಟ್ ಕಳೆದುಕೊಳ್ಳುತ್ತದೆ. ಸರ್ವೋ ಎಳೆಯುವುದು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು.

ಕೊನೆಗೆ ಸರ್ವೋಗೆ ಪ್ರತ್ಯೇಕವಾಗಿ ನಾಲ್ಕು ರೀಚಾರ್ಜೆಬಲ್ ಎಎ ಸೆಲ್ ಕೊಟ್ಟೆವು, 4.8 ವೋಲ್ಟ್. ರೀಸೆಟ್ ನಿಂತಿತು. ಆದರೆ ಕೆಲವು ಮೇಜುಗಳಲ್ಲಿ ಸರ್ವೋ ಗುರಿಯಿಲ್ಲದೆ ನಡುಗತೊಡಗಿತು. ಬ್ಯಾಟರಿಯ ಮೈನಸ್ಸನ್ನು ಬೋರ್ಡಿನ ಗ್ರೌಂಡ್‌ಗೆ (ಸೊನ್ನೆ ವೋಲ್ಟ್ ಪಿನ್) ಸೇರಿಸಿರಲಿಲ್ಲ. ಸಿಗ್ನಲ್ ಎಷ್ಟು ಎತ್ತರ ಅಂತ ಅಳೆಯಲು ಎರಡಕ್ಕೂ ಒಂದೇ ನೆಲ ಬೇಕಲ್ವಾ? ಒಂದು ಕಪ್ಪು ವೈರ್ ಹಾಕಿದ ಮೇಲೆ ಎಲ್ಲ ಗೇಟ್‌ಗಳೂ ಎದ್ದವು. ಆ ಕೂಗು ಕೇಳಬೇಕಿತ್ತು!

ಇನ್ನು ಸಾಮಾನು ಕಳಿಸಿದವರ ಬಗ್ಗೆ. ‘ಡೇಟಾ ಕೇಬಲ್’ ಅಂತ ಕೇಳಿ ತರಿಸಿದ್ದರಲ್ಲಿ ಕೆಲವು ಬರೀ ಚಾರ್ಜಿಂಗ್‌ನವು, ಒಳಗೆ ಎರಡೇ ತಂತಿ, ಡೇಟಾ ತಂತಿ ಇಲ್ಲ. ಬೋರ್ಡಿಗೆ ಚುಚ್ಚುವ ಜಂಪರ್ ವೈರ್‌ಗೆ ಅಯಸ್ಕಾಂತ ಹಿಡಿದರೆ ಅಂಟುತ್ತದೆ. ತಾಮ್ರ ಮೇಲಿನ ಲೇಪ ಮಾತ್ರ, ಒಳಗೆ ಉಕ್ಕು. ಇದು ಕಲಿಯುವವರ ಧೈರ್ಯವನ್ನೇ ಕೆಡಿಸುವ ಕೆಲಸ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪ್ಯಾಕೆಟ್ ಬಿಚ್ಚಿದ ಕೂಡಲೇ ಅಯಸ್ಕಾಂತ ಹಿಡಿದು ನೋಡಿ.

ಅಂದಹಾಗೆ ಮುಂದಿನ ವರ್ಕ್‌ಶಾಪ್‌ನ ಗೇಟ್ ಗೇಟೇ ಅಲ್ಲ! ಬೆಳಕು ಗುರುತಿಸುವ ಎರಡು ಎಲ್‌ಡಿಆರ್ ಸೆನ್ಸರ್, ನಡುವೆ ರಟ್ಟಿನ ಗೋಡೆ, ಅದೇ ಸರ್ವೋ ಮೇಲೆ. ಟಾರ್ಚ್ ಎತ್ತ ಹೋದರೆ ಅತ್ತ ತಿರುಗುವ ಹೂವು. ಎರಡು ಎಲ್‌ಡಿಆರ್‌ಗಳಿಂದ ಬೋರ್ಡ್ ಓದುವ ಅಂಕಿಗಳ ವ್ಯತ್ಯಾಸ 40ಕ್ಕಿಂತ ಕಡಿಮೆ ಇದ್ದರೆ ಅಲುಗಾಡಬಾರದು, ಇಲ್ಲದಿದ್ದರೆ ಸುಮ್ನೆ ನಡುಗುತ್ತಿರುತ್ತದೆ. ಆ 40 ಸದ್ಯಕ್ಕೆ ನನ್ನ ಅಂದಾಜು, ಕೋಣೆಯ ಬೆಳಕು ನೋಡಿ ಬದಲಿಸಬೇಕು. ಈ ಸಲ ಒಂದು ಮೇಜಿನಲ್ಲಿ ಬೇಕಂತಲೇ ಹಬ್ ಇಡುತ್ತೇನೆ. ಅಲ್ಲಿ ಕೂತವರಿಗೆ ಕೋಡ್ ಮುಟ್ಟದೆ ತಪ್ಪು ಹುಡುಕುವುದೇ ಮೊದಲ ಪಾಠ.