ಅವರೆಕಾಯಿ ಸುಲಿಯುತ್ತಾ ಕೇಳಿದ ಸೊಲೆಯಾ

9 ಫೆಬ್ರವರಿ 2025, ಭಾನುವಾರ

"ಯಾರೇ ಅದು, ಪಾಪ ಗಂಟಲು ಕಟ್ಟಿದೆಯಲ್ಲ?" ಅಂದಳು ಅಮ್ಮ.

ಮೊರದ ತುಂಬ ಅವರೆಕಾಯಿ. ಈ ಸಲದ ಕೊನೆಯದು ಇರಬೇಕು, ಸೊಗಡು ಆಗಲೇ ಕಮ್ಮಿ. ಇಬ್ಬರೂ ನೆಲದ ಮೇಲೆ ಕೂತು ಸುಲಿಯುತ್ತಿದ್ದೆವು. ನನ್ನ ಫೋನಿನಲ್ಲಿ ಸ್ಪೇನಿನ ಫ್ಲಮೆಂಕೊ ಹಾಡುಗಾರ್ತಿ ಫೆರ್ನಾಂದಾ ದೆ ಉತ್ರೇರಾ ಹಾಡುತ್ತಿದ್ದಳು.

ಕಟ್ಟಿಲ್ಲಮ್ಮ, ಅವಳ ದನಿಯೇ ಹಾಗೆ ಅಂದೆ. ಅಮ್ಮ ನಂಬಲಿಲ್ಲ. ಮೊದಲ ಸಲ ಕೇಳಿದಾಗ ನನಗೂ ಹಾಗೇ ಅನ್ನಿಸಿತ್ತು. ಮೇಲಕ್ಕೆ ಹೋಗುವಾಗ ದನಿ ಒಡೆಯುತ್ತದೆ. ಇನ್ನೇನು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಹೇಗೋ ಎಳೆದುಕೊಂಡು ದಡ ಸೇರುತ್ತಾಳೆ. ಅಲ್ಲಿಯವರೆಗೆ ಕೇಳುವವರ ಉಸಿರೂ ಅವಳ ಕೈಯಲ್ಲೇ. ಹಿಂದೆ ಗಿಟಾರ್ ದಿಯೆಗೊ ದೆಲ್ ಗಾಸ್ತೋರನದು. ತನ್ನ ಮೊರೋನ್ ಊರು ಬಿಟ್ಟು ಜಾಸ್ತಿ ಎಲ್ಲೂ ಹೋಗದ ಮನುಷ್ಯ, 1973ರಲ್ಲಿ ತೀರಿಕೊಂಡ. ಅವಳ ದನಿ ಒಡೆಯುವ ಕಡೆ ಅವನು ತಂತಿ ಮುಟ್ಟುವುದೇ ಇಲ್ಲ. ಸುಮ್ನೆ ಕಾಯುತ್ತಾನೆ.

ಹಾಡು ಸೊಲೆಯಾ, ಫ್ಲಮೆಂಕೊದ ಒಂದು ಬಗೆ. ಸ್ಪ್ಯಾನಿಷ್‌ನಲ್ಲಿ ಒಂಟಿತನಕ್ಕೆ ಇರುವ ಮಾತೇ ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. 12 ಎಣಿಕೆಯ ತಾಳ. 3, 6, 8, 10, 12ಕ್ಕೆ ಒತ್ತು. ಮೊರದ ಅಂಚಿಗೆ ಬೆರಳಿನಿಂದ ತಟ್ಟಿ ತೋರಿಸಿದೆ. ಅಮ್ಮ ಮೂರನೇ ಸುತ್ತಿಗೆ ಹಿಡಿದುಬಿಟ್ಟಳು. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ತಾಳ.

ಫೆರ್ನಾಂದಾ ಹುಟ್ಟಿದ್ದು 1923ರಲ್ಲಿ, ತಂಗಿ ಬೆರ್ನಾರ್ದಾ 1927ರಲ್ಲಿ. ಸೆವಿಲ್ಲಾ ಹತ್ತಿರದ ಉತ್ರೇರಾದ ಹಿತಾನೋ, ಅಂದರೆ ಸ್ಪೇನಿನ ಜಿಪ್ಸಿ ಮನೆತನ. ಅಜ್ಜ ಪಿನಿನಿ ಹಾಡುತ್ತಿದ್ದ ಹಾಡುಗಳಿಗೆ ಇವತ್ತಿಗೂ ಅವನದೇ ಹೆಸರು. ಅಂಥ ಮನೆಯಲ್ಲೂ ಹೆಣ್ಣುಮಕ್ಕಳು ವೇದಿಕೆ ಹತ್ತುವುದು ಅಪ್ಪನಿಗೆ ಬೇಡವಾಗಿತ್ತು. ಮನೆಯಲ್ಲಿ ಹಾಡಿಕೊಳ್ಳಲಿ, ಸಾಕು. ದೊಡ್ಡ ಹಾಡುಗಾರ ಆಂತೋನಿಯೋ ಮೈರೇನಾ ಒಪ್ಪಿಸಿದ ಮೇಲೆ 1952ರ ಒಂದು ಸಿನಿಮಾದಲ್ಲಿ ಹಾಡಿದರು. ಆಗ ಅಕ್ಕನಿಗೆ ಮೂವತ್ತರ ಹತ್ತಿರ. ಆಮೇಲೆ ಮ್ಯಾಡ್ರಿಡ್, 1964ರಲ್ಲಿ ನ್ಯೂಯಾರ್ಕ್. ಅಕ್ಕನದು ಸೊಲೆಯಾ. ತಂಗಿ ಯಾವ ಹಾಡು ಸಿಕ್ಕರೂ ಬುಲೆರಿಯಾ ಅನ್ನುವ ಚುರುಕು ತಾಳಕ್ಕೆ ಕೂರಿಸಿಬಿಡುತ್ತಿದ್ದಳು. ಇಬ್ಬರೂ ಮದುವೆ ಆಗಲಿಲ್ಲ. ಜೊತೆಗೇ ಇದ್ದರು.

ಅಮ್ಮನಿಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಉತ್ರೇರಾದ ಪೊತಾಹೆ. 1957ರಲ್ಲಿ ಶುರುವಾದ ಫ್ಲಮೆಂಕೊ ಹಬ್ಬ ಅದು. ಕಾಳಿನ ಸಾರು ಬೇಯಿಸಿ ಬಡಿಸುತ್ತಾರೆ, ಆಮೇಲೆ ರಾತ್ರಿ ಹಾಡು, ಕುಣಿತ. "ಕಾಳು ಬೇಯಿಸಿ ಹಾಡ್ತಾರಾ? ನಮ್ಮವರೇ ಬಿಡು" ಅಂದಳು. ಎಷ್ಟು ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ.

"ಈಗ ಇದ್ದಾರಾ ಇಬ್ಬರೂ?"

ಅಕ್ಕ 2006ರ ಆಗಸ್ಟ್‌ನಲ್ಲಿ ಹೋದಳು, ತಂಗಿ 2009ರ ಅಕ್ಟೋಬರ್‌ನಲ್ಲಿ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕೊನೆಕೊನೆಗೆ ಅಕ್ಕನಿಗೆ ಅಲ್ಜೈಮರ್ ಆಗಿತ್ತು ಅಂತಲೂ ಹೇಳಿಬಿಟ್ಟೆ.

ಅಮ್ಮನ ಕೈ ನಿಂತಿತು. ದೊಡ್ಡಮ್ಮ ಮೊನ್ನೆ ಫೋನಿನಲ್ಲಿ ಮೂರು ಸಲ "ನೀನು ಯಾರ ಮಗಳು" ಅಂತ ನನ್ನನ್ನು ಕೇಳಿದ್ದನ್ನು ನಾನಿನ್ನೂ ಅಮ್ಮನಿಗೆ ಹೇಳಿಲ್ಲ. ಅವಳಿಗೆ ಗೊತ್ತಿದೆ ಅನ್ನಿಸಿತು.

ಸ್ವಲ್ಪ ಹೊತ್ತು ಬಿಟ್ಟು "ಇನ್ನೊಂದು ಸಲ ಹಾಕು" ಅಂದಳು. ಹಾಕಿದೆ. ಈ ಸಲ ಗಂಟಲಿನ ಮಾತೇ ಎತ್ತಲಿಲ್ಲ. ದನಿ ಒಡೆಯುವ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡಳು.

ಈಗ ಹತ್ತೂವರೆ. ಕಾಳು ಹಿತಕುವುದು ನಾಳೆಗೆ ಉಳಿದಿದೆ. ಅಮ್ಮ ಒಳಗೆ ದೊಡ್ಡಮ್ಮನಿಗೆ ಫೋನ್ ಮಾಡಿದ್ದಾಳೆ. ಇಬ್ಬರೂ ಸೇರಿ ಮದುವೆಮನೆಗಳಲ್ಲಿ ಹಸೆಗೆ ಕರೆಯಲು ಹಾಡುತ್ತಿದ್ದರಲ್ಲ, ಅದರ ಮೊದಲ ಸಾಲು ಹಾಡುತ್ತಿದ್ದಾಳೆ. ಹಾಡಿ ನಿಲ್ಲಿಸುತ್ತಾಳೆ, ಕಾಯುತ್ತಾಳೆ. ಮತ್ತೆ ಅದೇ ಸಾಲು. ಆ ಕಡೆಯಿಂದ ಏನೋ ಸಣ್ಣಗೆ